ರಿಪೋರ್ಟ್‌ನಲ್ಲಿ ಪಾಸ್, ಸೈಟ್‌ನಲ್ಲಿ ಬಿರುಕು: ದೊಡ್ಡ ವ್ಯಾಸದ ತೆಳು ಪೈಪ್‌ಗಳ ದೋಷ ಹುಡುಕುವ ಬಗೆ

ಉತ್ತರ ಕರ್ನಾಟಕದ ಒಂದು ಸಕ್ಕರೆ ಕಾರ್ಖಾನೆ. ಕಬ್ಬಿನ ರಸ ಕಾಯಿಸಿ ಗಟ್ಟಿ ಮಾಡುವ ಇವಾಪೊರೇಟರ್‌ನ ಮೊದಲ ಬಾಡಿಯಿಂದ (ಪಾತ್ರೆಯಿಂದ) ಹೊರಡುವ ವೇಪರ್ ಲೈನ್, ಅಂದರೆ ಆವಿಯ ಪೈಪ್. ಹೊರ ವ್ಯಾಸ 1800 ಮಿ.ಮೀ., ಗೋಡೆ ದಪ್ಪ 8 ಮಿ.ಮೀ., ಸಾಮಾನ್ಯ ಮೈಲ್ಡ್ ಸ್ಟೀಲ್. ಒಳಗೆ ಚದರ ಸೆಂ.ಮೀ.ಗೆ 0.7 ಕೆಜಿ ಪ್ರೆಶರ್, ಸುಮಾರು 115 ಡಿಗ್ರಿ. 12 ಮೀಟರಿಗೊಂದು ಸ್ಯಾಡಲ್, ಅಂದರೆ ಪೈಪನ್ನು ಅಡಿಯಿಂದ ಅಪ್ಪಿ ಹೊರುವ ಆಸರೆ. ಮೂರು ಹಂಗಾಮಿನಿಂದ 3ನೇ ಮತ್ತು 5ನೇ ಸ್ಯಾಡಲ್ ಹತ್ತಿರ ಬಿರುಕು ಬರುತ್ತಿತ್ತು. ಪ್ರತಿ ಸಲ ಬಿರುಕನ್ನು ಗ್ರೈಂಡ್ ಮಾಡಿ ವೆಲ್ಡ್ ಹೊಡೆದಿದ್ದರು. ಎರಡು ಕಡೆ ತೇಪೆಯನ್ನೂ ಹಾಕಿದ್ದರು. ಮುಂದಿನ ವರ್ಷ ತೇಪೆಯ ಅಂಚಿನಲ್ಲೇ ಮತ್ತೆ ಬಿರುಕು.

ನನ್ನ ಕೈಗೆ ಕೊಟ್ಟ ಸ್ಟ್ರೆಸ್ ರಿಪೋರ್ಟ್‌ನಲ್ಲಿ ಎಲ್ಲವೂ ಪಾಸ್. ಸ್ವಂತ ಭಾರದಿಂದ ಬರುವ ಸ್ಟ್ರೆಸ್ 3 ಮೆಗಾಪಾಸ್ಕಲ್ ಎಂದಿತ್ತು. ಉಕ್ಕು ಯೀಲ್ಡ್ ಆಗುವುದು, ಅಂದರೆ ಮರಳಿ ಬಾರದಂತೆ ರೂಪ ಕೆಡುವುದು, 250ಕ್ಕೆ. 3 ಎಲ್ಲಿ, 250 ಎಲ್ಲಿ! ಲೆಕ್ಕ ಮಾಡಿದವರು ತಪ್ಪು ಮಾಡಿರಲಿಲ್ಲ. ನಾನೂ ಕೈಯಲ್ಲಿ ಲೆಕ್ಕ ಹಾಕಿ ನೋಡಿದೆ, 2.9 ಬಂತು. ಹಾಗಿದ್ದರೂ ಪೈಪ್ ಬಿರಿದಿತ್ತು.

ಈ ಬಗೆಯ ದೋಷವನ್ನು ಹುಡುಕುವುದು ಹೇಗೆ ಎಂಬುದನ್ನು ಈ ಕೇಸನ್ನೇ ಹಿಡಿದು ಹೇಳುತ್ತೇನೆ. ಒಂದು ಮಾತು ಮೊದಲೇ ಹೇಳಿಬಿಡುವೆ. ಕನ್ನಡದಲ್ಲಿ ಪ್ರೆಶರ್‌ಗೂ ಸ್ಟ್ರೆಸ್‌ಗೂ ಒತ್ತಡ ಎಂದೇ ಬರೆಯುತ್ತಾರೆ. ಇಲ್ಲಿ ಹಾಗೆ ಬರೆದರೆ ಗೊಂದಲ. ಒಳಗಿನ ಆವಿ ತಳ್ಳುವುದು ಪ್ರೆಶರ್, ಲೋಹದೊಳಗೆ ಹುಟ್ಟುವುದು ಸ್ಟ್ರೆಸ್. ಹಾಗೇ ಬಳಸುತ್ತೇನೆ.

ಮೊದಲು ಒಂದು ಭಾಗಾಕಾರ

ಪೈಪಿನ ವ್ಯಾಸವನ್ನು ಗೋಡೆ ದಪ್ಪದಿಂದ ಭಾಗಿಸಿ. ನಮ್ಮ ಕೇಸಿನಲ್ಲಿ 1800ನ್ನು 8ರಿಂದ ಭಾಗಿಸಿದರೆ 225. ಈ ಸಂಖ್ಯೆ 100 ದಾಟಿದರೆ ಸಾಮಾನ್ಯ ಪೈಪ್ ಸ್ಟ್ರೆಸ್ ರಿಪೋರ್ಟನ್ನು ಪೂರ್ತಿ ನಂಬಬೇಡಿ.

ಇದು ನನ್ನ ಸ್ವಂತ ನಿಯಮ ಅಲ್ಲ. ಪೈಪ್ ಸ್ಟ್ರೆಸ್ ಸಾಫ್ಟ್‌ವೇರ್‌ಗಳು ಬೆಂಡ್ (ತಿರುವು), ಟೀ (ಕವಲು) ಮುಂತಾದ ಜಾಗಗಳಲ್ಲಿ ಸ್ಟ್ರೆಸ್ಸನ್ನು ಒಂದು ಗುಣಕದಿಂದ ಹೆಚ್ಚಿಸುತ್ತವೆ. ಅದನ್ನು ಎಸ್‌ಐಎಫ್ (ಸ್ಟ್ರೆಸ್ ಇಂಟೆನ್ಸಿಫಿಕೇಶನ್ ಫ್ಯಾಕ್ಟರ್) ಎನ್ನುತ್ತಾರೆ. ಈ ಗುಣಕಗಳ ಬೇರು ಮಾರ್ಕ್ಲ್ ಎಂಬ ಇಂಜಿನಿಯರ್ ಅಮೆರಿಕದಲ್ಲಿ ನಡೆಸಿದ ಪರೀಕ್ಷೆಗಳಲ್ಲಿದೆ. ಫಲಿತಾಂಶ 1950ರ ಆಸುಪಾಸಿನಲ್ಲಿ ಪ್ರಕಟವಾಯಿತು. ಅವರು ಮುಖ್ಯವಾಗಿ ಪರೀಕ್ಷಿಸಿದ್ದು 4 ಇಂಚಿನ ಪೈಪ್‌ಗಳನ್ನು. ಅಮೆರಿಕದ ಮೆಕ್ಯಾನಿಕಲ್ ಇಂಜಿನಿಯರ್‌ಗಳ ಸಂಸ್ಥೆ ಎಎಸ್‌ಎಂಇಯ ಬಿ 31.3 ಪೈಪಿಂಗ್ ಕೋಡ್‌ನ ಹಳೆಯ ಅನುಬಂಧ ಡಿ ಕೋಷ್ಟಕದ ಟಿಪ್ಪಣಿಯಲ್ಲೇ, ಈ ಗುಣಕಗಳು ವ್ಯಾಸ ಮತ್ತು ದಪ್ಪದ ಅನುಪಾತ 100ರವರೆಗೆ ಮಾತ್ರ ಸಾಬೀತಾಗಿವೆ ಎಂದು ಬರೆದಿದೆ. ಈಗ ಬಳಸುವ ಬಿ 31ಜೆಗೂ ಇಂಥದ್ದೇ ಮಿತಿ ಇದೆ. ಸಾಫ್ಟ್‌ವೇರ್ ಎಚ್ಚರಿಕೆ ಸಂದೇಶ ತೋರಿಸಿದರೂ ಅದು ಎಷ್ಟೋ ಸಲ ರಿಪೋರ್ಟ್‌ನ ಕೊನೆಯ ಪುಟಗಳಲ್ಲಿ ಮುಚ್ಚಿಹೋಗಿರುತ್ತದೆ.

ಇನ್ನೂ ಆಳದ ಕಾರಣ ಬೇರೆ. ಸೀಸರ್‌ನಂಥ ಸಾಫ್ಟ್‌ವೇರ್ ಪೈಪನ್ನು ಒಂದು ತೊಲೆ ಎಂದು ನೋಡುತ್ತದೆ. ತೊಲೆ ಬಾಗಬಹುದು, ತಿರುಚಬಹುದು, ಉದ್ದವಾಗಬಹುದು. ಆದರೆ ಅದರ ಅಡ್ಡಕೊಯ್ತ ಎಂದೂ ಗುಂಡಗೇ ಇರುತ್ತದೆ ಎಂಬುದು ಅಲ್ಲಿನ ನಂಬಿಕೆ. ಖಾಲಿ ಎಣ್ಣೆ ಡಬ್ಬವನ್ನು ಎರಡು ತುದಿ ಹಿಡಿದು ಬಗ್ಗಿಸಲು ನೋಡಿ. ಆಗದು. ಅದೇ ಡಬ್ಬದ ಮೈಯನ್ನು ಹೆಬ್ಬೆರಳಿನಿಂದ ಒತ್ತಿ. ತಗ್ಗು ಬೀಳುತ್ತದೆ, ಅಲ್ವಾ? ತೊಲೆ ಲೆಕ್ಕಕ್ಕೆ ಮೊದಲನೆಯದು ಮಾತ್ರ ಗೊತ್ತು. ದೊಡ್ಡ ತೆಳು ಪೈಪ್ ಹಾಳಾಗುವುದು ಎರಡನೆಯ ಬಗೆಯಲ್ಲಿ.

ಹಾಗಾಗಿ ಇಂಥ ಪೈಪ್ ಮುಂದೆ ನಿಂತಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಗುಂಡಗಿರಬೇಕಾದದ್ದು ಗುಂಡಗೆ ಉಳಿದಿದೆಯಾ? ಉಳಿದಿಲ್ಲ ಎಂದರೆ, ಅದನ್ನು ಯಾರು ಒತ್ತುತ್ತಿದ್ದಾರೆ?

ಬಿರುಕಿನ ದಿಕ್ಕು ನೋಡಿ

ಬಿರುಕನ್ನು ಗ್ರೈಂಡ್ ಮಾಡುವ ಮೊದಲು ಫೋಟೋ ತೆಗೆಯಿರಿ. ಚಾಕ್‌ನಿಂದ ಗುರುತು ಹಾಕಿ, ಅಳತೆ ಬರೆದುಕೊಳ್ಳಿ. ದಯವಿಟ್ಟು ಇದನ್ನು ಬಿಡಬೇಡಿ. ರಿಪೇರಿಯ ಅವಸರದಲ್ಲಿ ಸಾಕ್ಷಿ ಅಳಿಸಿಹೋದರೆ ಆಮೇಲೆ ಊಹೆಯೇ ಗತಿ.

ಬಿರುಕು ಯಾವಾಗಲೂ ಎಳೆತಕ್ಕೆ ಅಡ್ಡವಾಗಿ ಓಡುತ್ತದೆ. ಪೈಪಿನ ಸುತ್ತ, ಬಳೆಯಂತೆ ಓಡಿದ ಬಿರುಕು ಉದ್ದಕ್ಕೆ ಎಳೆದದ್ದನ್ನು ಹೇಳುತ್ತದೆ. ಅಂದರೆ ಪೈಪ್ ತೊಲೆಯಂತೆ ಬಾಗಿದೆ, ಇಲ್ಲವೇ ಕಾದಾಗ ಹಿಗ್ಗಲು ಜಾಗ ಸಿಕ್ಕಿಲ್ಲ. ಪೈಪಿನ ಉದ್ದಕ್ಕೆ, ಸ್ಯಾಡಲ್‌ನ ಮೇಲಿನ ಅಂಚಿಗುಂಟ ಓಡಿದ ಬಿರುಕು ಬೇರೆ ಕಥೆ ಹೇಳುತ್ತದೆ. ಅಲ್ಲಿ ಗೋಡೆ ಸುತ್ತಳತೆಯ ದಿಕ್ಕಿನಲ್ಲಿ ಬಾಗಿದೆ. ಗುಂಡು ಕೆಟ್ಟಿದೆ.

ನಮ್ಮ ಲೈನ್‌ನಲ್ಲಿ ಬಿರುಕು ಸ್ಯಾಡಲ್‌ನ ಕೊಂಬಿನ ಹತ್ತಿರ ಇತ್ತು. ಸ್ಯಾಡಲ್ ಪೈಪನ್ನು ಅಪ್ಪಿಕೊಂಡು ಮೇಲೆ ಹೋಗಿ ನಿಲ್ಲುವ ತುದಿಗೆ ಕೊಂಬು ಎನ್ನುತ್ತೇವೆ. ಬಿರುಕು ಉದ್ದಕ್ಕೇ ಓಡಿತ್ತು. ಸ್ಯಾಡಲನ್ನು ಪ್ಯಾಡ್ ಪ್ಲೇಟ್ (ಗೋಡೆಗೆ ಬಲ ಕೊಡಲು ನಡುವೆ ಹಾಕುವ ತಗಡು) ಇಲ್ಲದೆ ನೇರವಾಗಿ ಪೈಪಿಗೆ ವೆಲ್ಡ್ ಮಾಡಿದ್ದರು. ಇಷ್ಟು ನೋಡಿದ ಮೇಲೆ ರಿಪೋರ್ಟ್‌ನ 3 ಮೆಗಾಪಾಸ್ಕಲ್ ಈ ಬಿರುಕಿಗೆ ಸಂಬಂಧವೇ ಇಲ್ಲದ ಸಂಖ್ಯೆ ಎಂದು ಖಚಿತವಾಯಿತು. ಅದು ಉದ್ದಕ್ಕೆ ಇರುವ ಸ್ಟ್ರೆಸ್. ಒಡೆದದ್ದು ಸುತ್ತಳತೆಯ ಸ್ಟ್ರೆಸ್‌ನಿಂದ.

ಕೊಂಬಿನ ಲೆಕ್ಕ

ಕಂಪ್ಯೂಟರ್ ಇಲ್ಲದೆ ಹತ್ತು ನಿಮಿಷದಲ್ಲಿ ಮುಗಿಯುವ ಲೆಕ್ಕ ಇದು. ಅಮೆರಿಕದ ನೀರು ಸರಬರಾಜು ಕ್ಷೇತ್ರದ ಎಡಬ್ಲ್ಯುಡಬ್ಲ್ಯುಎ ಸಂಸ್ಥೆಯ ಎಂ 11 ಕೈಪಿಡಿ ಉಕ್ಕಿನ ನೀರಿನ ಪೈಪ್‌ಗಳಿಗೆಂದು ಇದೆ. ಸ್ಯಾಡಲ್ ಮೇಲಿನ ಸ್ಥಳೀಯ ಸ್ಟ್ರೆಸ್‌ಗೆ ಅದರಲ್ಲಿ ಒಂದು ಸರಳ ಸೂತ್ರ ಇದೆ. ಸ್ಯಾಡಲ್ ಹೊರುವ ಭಾರವನ್ನು ದಪ್ಪದ ವರ್ಗದಿಂದ ಭಾಗಿಸಿ. ಅದನ್ನು ತ್ರಿಜ್ಯ ಮತ್ತು ದಪ್ಪದ ಅನುಪಾತದ ನ್ಯಾಚುರಲ್ ಲಾಗ್‌ನಿಂದ ಗುಣಿಸಿ. ಕೊನೆಗೆ ಸ್ಯಾಡಲ್ ಪೈಪನ್ನು ಅಪ್ಪಿದ ಕೋನಕ್ಕೆ ತಕ್ಕ ಗುಣಾಂಕದಿಂದ ಗುಣಿಸಿ. 120 ಡಿಗ್ರಿ ಸ್ಯಾಡಲ್‌ಗೆ ಆ ಗುಣಾಂಕ 0.0164. 90 ಡಿಗ್ರಿಗೆ 0.02, 150 ಡಿಗ್ರಿಗೆ 0.0128.

ನಮ್ಮ ಪೈಪ್ ಮೀಟರಿಗೆ 355 ಕೆಜಿ. ಇನ್ಸುಲೇಶನ್ ಮತ್ತು ಮೇಲಿನ ಅಲ್ಯೂಮಿನಿಯಂ ಹೊದಿಕೆ ಸೇರಿ 420 ಕೆಜಿ ಹಿಡಿಯೋಣ. 12 ಮೀಟರಿಗೆ ಸುಮಾರು 5 ಟನ್. ಇದನ್ನು ಸೂತ್ರಕ್ಕೆ ಹಾಕಿದರೆ ಕೊಂಬಿನ ಹತ್ತಿರ ಸುಮಾರು 60 ಮೆಗಾಪಾಸ್ಕಲ್ ಬರುತ್ತದೆ.

ಅದೇ ಪೈಪ್, ಅದೇ ಭಾರ. ತೊಲೆ ಲೆಕ್ಕ 3 ಎಂದಿತು, ಕೊಂಬಿನ ಲೆಕ್ಕ 60 ಎನ್ನುತ್ತಿದೆ. ಇಪ್ಪತ್ತು ಪಟ್ಟು.

ಈಗ ಅದೇ ಪೈಪಿಗೆ ಹೈಡ್ರೋಟೆಸ್ಟ್ (ನೀರಿನ ಪ್ರೆಶರ್ ಪರೀಕ್ಷೆ) ಮಾಡಲು ನೀರು ತುಂಬಿದಿರಿ ಎನ್ನಿ. ನೀರೇ ಮೀಟರಿಗೆ 2500 ಕೆಜಿ. ಇನ್ಸುಲೇಶನ್ ಇಲ್ಲದೆ ಲೆಕ್ಕ ಹಾಕಿದರೂ ಒಂದೊಂದು ಸ್ಯಾಡಲ್ ಮೇಲೆ 34 ಟನ್. ತೊಲೆ ಲೆಕ್ಕದಲ್ಲಿ ಸ್ಟ್ರೆಸ್ 20 ಮೆಗಾಪಾಸ್ಕಲ್, ಆರಾಮಾಗಿ ಪಾಸ್. ಕೊಂಬಿನ ಹತ್ತಿರ 400ಕ್ಕಿಂತ ಜಾಸ್ತಿ. ಅಷ್ಟು ಹೊತ್ತಿಗೆ ಗೋಡೆ ಯೀಲ್ಡ್ ಆಗಿ ಒಳಕ್ಕೆ ಕುಳಿತಿರುತ್ತದೆ. ಆವಿಗೆಂದು ಡಿಸೈನ್ ಮಾಡಿದ ಲೈನ್‌ಗೆ ಸುಮ್ನೆ ನೀರು ತುಂಬಬಾರದು ಎನ್ನುವುದು ಇದಕ್ಕೇ. ಹಳೆಯ ಲೈನ್‌ನಲ್ಲಿ ಎಲ್ಲ ಸ್ಯಾಡಲ್‌ಗಳ ಮೇಲೂ ಒಂದೇ ಬಗೆಯ ತಗ್ಗು ಕಂಡರೆ, ಹಿಂದೆ ಯಾವಾಗಲೋ ಹೈಡ್ರೋಟೆಸ್ಟ್ ಮಾಡಿದ್ದರಾ ಎಂದು ಕೇಳಿ ನೋಡಿ.

ನಮ್ಮ ಕೇಸಿಗೆ ಬರೋಣ. 60 ಮೆಗಾಪಾಸ್ಕಲ್‌ಗೇ 3ನೇ ಮತ್ತು 5ನೇ ಸ್ಯಾಡಲ್ ಬಿರಿಯುವುದಾದರೆ ಉಳಿದವೂ ಬಿರಿಯಬೇಕಿತ್ತು. ಅವು ಚೆನ್ನಾಗೇ ಇದ್ದವು. ಈ ಎರಡಕ್ಕೆ ಮಾತ್ರ ಏನು ಬಂದಿದೆ?

ಖಾಲಿ ಸ್ಯಾಡಲ್

ಉತ್ತರವನ್ನು ಮೊದಲು ಹೇಳಿದವರು ಅಲ್ಲಿನ ಹಿರಿಯ ಫಿಟ್ಟರ್. "ಸಾಹೇಬ್ರ, ಆ ನಾಲ್ಕನೇದ್ದು ಭಾರ ಹೊರಾಂಗಿಲ್ರಿ. ಬಡದ್ರ ಬ್ಯಾರೆ ಸಪ್ಪಳ ಬರ್ತೈತಿ" ಎಂದರು. ಲೈನ್ ನಿಂತಿದ್ದಾಗ ಸ್ಯಾಡಲ್‌ನ ಅಡಿ ಪ್ಲೇಟನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ತೋರಿಸಿದರು. 3 ಮತ್ತು 5 ಗಟ್ಟಿಯಾಗಿ ಟಕ್ ಎಂದವು. 4 ಸಡಿಲವಾಗಿ ಗಿಲಕಿಯಂತೆ ನಡುಗಿತು.

ಹೊದಿಕೆ ಬಿಚ್ಚಿಸಿ ಸಂದು ಅಳೆಯುವ ಫೀಲರ್ ಗೇಜ್ ತೂರಿಸಿದೆವು. ಅಡಿ ಪ್ಲೇಟ್ ಮತ್ತು ಅದನ್ನು ಹೊರುವ ಪೆಡೆಸ್ಟಲ್ (ಪೀಠ) ನಡುವೆ ತಣ್ಣಗಿರುವಾಗಲೇ 4 ಮಿ.ಮೀ. ಸಂದು ಇತ್ತು. ಆಮೇಲೆ ಗಾರೆ ಕೆಲಸದವರು ಬಳಸುವ ನೀರಿನ ಟ್ಯೂಬ್ ಹಿಡಿದು ಪೆಡೆಸ್ಟಲ್‌ಗಳ ಮಟ್ಟ ನೋಡಿದೆವು. ನಾಲ್ಕನೆಯದು ಅಕ್ಕಪಕ್ಕದ ಎರಡರ ಗೆರೆಗಿಂತ 9 ಮಿ.ಮೀ. ಕೆಳಗಿತ್ತು.

9 ಮಿ.ಮೀ. ಏನು ಮಹಾ ಎನ್ನಿಸಬಹುದು. ಸಣ್ಣ ಪೈಪ್ ಆಗಿದ್ದರೆ ನಿಜ, ಅದು ಬಳುಕಿ ಕೆಳಗಿನ ಸಪೋರ್ಟ್ ಮೇಲೆ ಕೂತುಬಿಡುತ್ತದೆ. 1800 ವ್ಯಾಸದ ಪೈಪ್ ಬಳುಕುವುದಿಲ್ಲ. ನಡುವಿನ ಸ್ಯಾಡಲ್ ಪೂರ್ತಿ ತೆಗೆದು 24 ಮೀಟರ್ ಬಿಟ್ಟರೂ ಸ್ವಂತ ಭಾರಕ್ಕೆ ಅದು ಜೋಲುವುದು ಹೆಚ್ಚೆಂದರೆ 5 ಮಿ.ಮೀ. ಅಂದರೆ ಪೆಡೆಸ್ಟಲ್ 5 ಮಿ.ಮೀ. ಕುಸಿದರೆ ಸಾಕು, ಆ ಸ್ಯಾಡಲ್ ಗಾಳಿಯಲ್ಲಿ ತೂಗುತ್ತದೆ. ಅದರ ಭಾರವೆಲ್ಲ ಅಕ್ಕಪಕ್ಕದ ಎರಡರ ಮೇಲೆ. ಲೆಕ್ಕಕ್ಕೂ ಅಳತೆಗೂ ತಾಳೆ ಆಗಿತ್ತು. 9 ಕುಸಿತ, 5 ಜೋಲು, ಉಳಿದ ಸಂದು 4.

ಕುಸಿದದ್ದು ಯಾಕೆ? ಆ ನೆಲ ಎರೆಮಣ್ಣು. ಮಳೆಯಲ್ಲಿ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಮಳೆಗಾಲ ಮುಗಿದ ಮೇಲೆ ಕಬ್ಬು ಅರೆಯಲು ಶುರು. ಹಂಗಾಮು ಮುಂದುವರಿದಂತೆ ನೆಲ ಒಣಗುತ್ತಾ ಹೋಗುತ್ತದೆ. ಹಳೆಯ ಲಾಗ್ ಪುಸ್ತಕ ತೆಗೆದು ನೋಡಿದರೆ ಮೂರು ವರ್ಷವೂ ಬಿರುಕು ಸಿಕ್ಕಿದ್ದು ಜನವರಿ ಕೊನೆಯಿಂದ ಫೆಬ್ರವರಿ ನಡುವೆ. 4ನೇ ಪೆಡೆಸ್ಟಲ್ ಪಕ್ಕದಲ್ಲೇ ಛಾವಣಿಯ ನೀರು ಬೀಳುವ ಪೈಪ್ ಇತ್ತು. ಹಾಗಾಗಿ ಅದರ ಬುಡದ ಮಣ್ಣು ಉಳಿದವುಗಳಿಗಿಂತ ಜಾಸ್ತಿ ಉಬ್ಬಿ, ಜಾಸ್ತಿ ಕುಗ್ಗುತ್ತಿತ್ತು.

ಈ ಕೇಸಿನಿಂದ ನಾನು ಕಲಿತು ಇಂದಿಗೂ ಬಿಡದೆ ಮಾಡುವ ಕೆಲಸ ಒಂದಿದೆ. ಬಿರುಕು ಬಿಟ್ಟ ಸ್ಯಾಡಲ್‌ಗಿಂತ ಮೊದಲು ಅದರ ಪಕ್ಕದ ಚೆನ್ನಾಗಿರುವ ಸ್ಯಾಡಲ್ ನೋಡುವುದು. ಬಿರುಕು ಬರುವುದು ಭಾರ ಹೋಗಿ ಕೂತಲ್ಲಿ. ದೋಷ ಇರುವುದು ಭಾರ ಬಿಟ್ಟುಬಂದಲ್ಲಿ. ಮೂರು ವರ್ಷ 3 ಮತ್ತು 5ನ್ನು ರಿಪೇರಿ ಮಾಡಿದ್ದರು. ಬಣ್ಣ ಕೂಡ ಮಾಸದೆ ನಿಂತಿದ್ದ 4ನ್ನು ಯಾರೂ ಮುಟ್ಟಿರಲಿಲ್ಲ.

ಬಿಸಿಯಾಗುವಾಗಲೂ ನೋಡಿ

ತಣ್ಣಗಿರುವಾಗ ಒಮ್ಮೆ ನೋಡಿ ಮುಗಿಸಬೇಡಿ. ಲೈನ್ ಬಿಸಿಯಾಗುವ ಹೊತ್ತಿನಲ್ಲಿ, ಬಿಸಿಯಾಗಿ ನಿಂತ ಮೇಲೆ, ಎರಡು ಸಲವೂ ಫೀಲರ್ ಗೇಜ್ ಹಿಡಿದು ನಡೆಯಬೇಕು. ಸ್ಟಾರ್ಟಪ್ ಆದ ಮೊದಲ ಗಂಟೆಯಲ್ಲಿ 4ನೇ ಸ್ಯಾಡಲ್ ಸಂದು 4ರಿಂದ 14 ಮಿ.ಮೀ.ಗೆ ಏರಿತು. ಬೆರಳೇ ತೂರುತ್ತಿತ್ತು.

ಆ ಜಾಗದಲ್ಲಿ ಪೈಪಿನ ಮೈ ಉಷ್ಣತೆ ನೋಡಿದೆವು. ನೆತ್ತಿ ಪೂರ್ತಿ ಕಾದಿತ್ತು. ಅಡಿ ಅದಕ್ಕಿಂತ ಸುಮಾರು 40 ಡಿಗ್ರಿ ಕಡಿಮೆ. ಯಾಕೆಂದರೆ ಅಡಿಯಲ್ಲಿ ಕಂಡೆನ್ಸೇಟ್, ಅಂದರೆ ಆವಿ ತಣಿದು ಆದ ನೀರು, ನಿಂತಿತ್ತು. ಡ್ರೈನ್‌ಗೆ ಇದ್ದ 25 ಮಿ.ಮೀ. ಪೈಪ್ ಕಿಟ್ಟ ಕಟ್ಟಿ ಮುಚ್ಚಿಹೋಗಿತ್ತು. ಮುಂದಿನ ಬೆಂಡ್ ಮೇಲಕ್ಕೆ ತಿರುಗುವುದರಿಂದ ನೀರಿಗೆ ಬೇರೆ ದಾರಿ ಇರಲಿಲ್ಲ.

ನೆತ್ತಿ ಬಿಸಿ, ಅಡಿ ತಣ್ಣಗೆ ಎಂದರೆ ನೆತ್ತಿ ಜಾಸ್ತಿ ಹಿಗ್ಗುತ್ತದೆ. ಪೈಪ್ ಬಿಲ್ಲಿನಂತೆ ಮೇಲಕ್ಕೆ ಬಾಗುತ್ತದೆ. 40 ಡಿಗ್ರಿ ವ್ಯತ್ಯಾಸಕ್ಕೆ 24 ಮೀಟರ್ ಉದ್ದದ ನಡುಭಾಗ ಅಂದಾಜು 19 ಮಿ.ಮೀ. ಏಳಬಲ್ಲದು. ನೀರಿನ ಭಾರ ಸೇರಿಸಿದರೂ ಗುರುತ್ವ ಅದನ್ನು ಕೆಳಗೆಳೆಯುವುದು 11 ಮಿ.ಮೀ. ಮಾತ್ರ. ಮಟ್ಟ ಸರಿ ಇದ್ದಿದ್ದರೂ ಸ್ಟಾರ್ಟಪ್ ಹೊತ್ತಿನಲ್ಲಿ ಆ ಸ್ಯಾಡಲ್ ಎದ್ದೇ ಏಳುತ್ತಿತ್ತು. ಪೈಪ್ ಉದ್ದಕ್ಕೂ ಒಂದೇ ಉಷ್ಣತೆ ಎಂದು ಸಾಫ್ಟ್‌ವೇರ್‌ಗೆ ಕೊಟ್ಟರೆ ಇದು ಎಂದೂ ಕಾಣಿಸುವುದಿಲ್ಲ.

ಈಗ ಎಲ್ಲ ಕೂಡಿಸಿ ನೋಡಿ. ಕಾಲು ಎತ್ತರಕ್ಕೆ ನೀರು ನಿಂತರೆ ಮೀಟರಿಗೆ ಸುಮಾರು 490 ಕೆಜಿ ಹೆಚ್ಚುತ್ತದೆ. ಒಟ್ಟು 910. 4ನೇ ಸ್ಯಾಡಲ್ ಎದ್ದದ್ದರಿಂದ 3 ಮತ್ತು 5ರ ಪಾಲಿಗೆ 12ರ ಬದಲು 18 ಮೀಟರ್. ಭಾರ 5 ಟನ್‌ನಿಂದ 16 ಟನ್ ದಾಟುತ್ತದೆ. ಕೊಂಬಿನ ಸ್ಟ್ರೆಸ್ 60ರಿಂದ ಸುಮಾರು 194 ಮೆಗಾಪಾಸ್ಕಲ್‌ಗೆ. ಇದು ಯೀಲ್ಡ್‌ಗಿಂತ ಕಡಿಮೆಯೇ. ಆದರೆ ವೆಲ್ಡ್ ಅಂಚು ತರುವ ಹೆಚ್ಚಳ ಈ ಸಂಖ್ಯೆಯಲ್ಲಿ ಸೇರಿಲ್ಲ. ಪ್ರತಿ ಸ್ಟಾರ್ಟಪ್‌ಗೂ ಇದು ಏರಿ ಇಳಿಯುತ್ತಿತ್ತು. ಅದರ ಮೇಲೆ ಆವಿಯ ಹರಿವಿನ ಸಣ್ಣ ನಡುಕ ದಿನವಿಡೀ. ವೆಲ್ಡ್ ದಣಿಯಲು ಬೇರೇನು ಬೇಕು?

ಗುಂಡು ಅಳೆಯುವ ರೀತಿ

ಸುತ್ತಳತೆ ಟೇಪ್ ಹಿಡಿದು ವ್ಯಾಸ ಸರಿ ಇದೆ ಎನ್ನುವವರನ್ನು ನೋಡಿದ್ದೇನೆ. ಟೇಪ್ ಕೊಡುವುದು ಸರಾಸರಿ ವ್ಯಾಸ. ಪೈಪ್ ಮೊಟ್ಟೆಯಾಕಾರ ಆಗಿದ್ದರೂ ಸುತ್ತಳತೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಒಳಗಿಂದ ಕಡ್ಡಿ ಹಿಡಿದು ಅಳೆಯಬೇಕು. ಮೇಲೆ ಕೆಳಗೆ, ಎಡ ಬಲ, ಎರಡು ಓರೆ. ಒಟ್ಟು ನಾಲ್ಕು ವ್ಯಾಸ. ಸ್ಯಾಡಲ್ ಮೇಲೊಮ್ಮೆ, ಸ್ಯಾಡಲ್‌ನಿಂದ ಅರ್ಧ ಮೀಟರ್ ದೂರದಲ್ಲೊಮ್ಮೆ, ಎರಡು ಸ್ಯಾಡಲ್‌ಗಳ ನಡುವೆ ಒಮ್ಮೆ. ಸ್ಯಾಡಲ್ ಹತ್ತಿರ ಮಾತ್ರ ಕೆಟ್ಟಿದ್ದರೆ ಭಾರದ ದೋಷ. ಉದ್ದಕ್ಕೂ ಕೆಟ್ಟಿದ್ದರೆ ವ್ಯಾಕ್ಯೂಮ್ ಅಥವಾ ಫ್ಯಾಬ್ರಿಕೇಶನ್ ಕಡೆ ನೋಡಿ. ಗೋಡೆ ದಪ್ಪವನ್ನೂ ಯುಟಿ (ಅಲ್ಟ್ರಾಸಾನಿಕ್) ಗೇಜ್‌ನಿಂದ ಅಳೆಯಿರಿ. ಕೊಂಬಿನ ಸ್ಟ್ರೆಸ್ ದಪ್ಪದ ವರ್ಗಕ್ಕೆ ಸೇರಿದ್ದು. 8 ಮಿ.ಮೀ. ಸವೆದು 6 ಆದರೆ ಸ್ಟ್ರೆಸ್ ಎರಡು ಪಟ್ಟಿನ ಹತ್ತಿರ ಹೋಗುತ್ತದೆ.

ಪೈಪ್ ಒಳಗೆ ಇಳಿಯುವುದು ಸಣ್ಣ ಮಾತಲ್ಲ. ಎರಡೂ ಕಡೆ ಬ್ಲೈಂಡ್ (ಪೈಪ್ ಮುಚ್ಚುವ ತಟ್ಟೆ) ಹಾಕಿರಬೇಕು. ಗಾಳಿಯಲ್ಲಿ ಆಮ್ಲಜನಕ ಪರೀಕ್ಷಿಸಿರಬೇಕು. ಹೊರಗೆ ಒಬ್ಬರು ಕಾವಲು ನಿಂತಿರಬೇಕು. ಇವಿಲ್ಲದೆ ಯಾರನ್ನೂ ಇಳಿಸಬೇಡಿ.

ಬೆಂಡ್ ಮತ್ತು ಟೀ: ಸುಳ್ಳು ಸಡಿಲ

ಬಾಗಿಸಿದ ಪೈಪ್ ನೇರ ಪೈಪಿಗಿಂತ ಸುಲಭವಾಗಿ ಬಾಗುತ್ತದೆ, ಯಾಕೆಂದರೆ ಅದರ ಅಡ್ಡಕೊಯ್ತ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಇದನ್ನು 1911ರಲ್ಲಿ ವಾನ್ ಕಾರ್ಮಾನ್ ವಿವರಿಸಿದರು. ಕೋಡ್ ಇದನ್ನು ಒಂದು ಗುಣಕವಾಗಿ ಕೊಡುತ್ತದೆ. ನಮ್ಮ 1800 ಪೈಪಿಗೆ ಒಂದೂವರೆ ವ್ಯಾಸದ ಬೆಂಡ್ ಹಾಕಿದರೆ ಕೋಡ್ ಸೂತ್ರದಂತೆ ಅದು ನೇರ ಪೈಪಿಗಿಂತ 61 ಪಟ್ಟು ಸಡಿಲ. ಎಸ್‌ಐಎಫ್ 10.

61 ಎಂಬ ಸಂಖ್ಯೆ ನೋಡಿ ಸಂತೋಷಪಡಬೇಡಿ. ಬೆಂಡ್‌ನ ಎರಡೂ ತುದಿಗೆ ಫ್ಲ್ಯಾಂಜ್ ಅಥವಾ ದಪ್ಪ ರಿಂಗ್ ಇದ್ದರೆ ಅವು ಗುಂಡನ್ನು ಕೆಡಲು ಬಿಡುವುದಿಲ್ಲ. ಆಗ ಅದೇ ಸೂತ್ರದ ತಿದ್ದುಪಡಿ ಹಾಕಿದರೆ 61 ಇಳಿದು 18 ಆಗುತ್ತದೆ. ಎಸ್‌ಐಎಫ್ 10ರಿಂದ 3ಕ್ಕೆ. ಸ್ಟ್ರೆಸ್ ಕಡಿಮೆಯಾಯಿತು ಎಂದುಕೊಳ್ಳುತ್ತೇವೆ. ಆದರೆ ಲೈನ್ ಗಟ್ಟಿಯಾದದ್ದರಿಂದ ಇವಾಪೊರೇಟರ್ ನಾಜಲ್ (ಪೈಪ್ ಕೂಡುವ ಬಾಯಿ) ಮೇಲೆ ಬೀಳುವ ಬಲ ಏರಿರುತ್ತದೆ. ಬರೇ 0.7 ಕೆಜಿ ಪ್ರೆಶರ್ ಕೂಡ ಈ ಸಡಿಲವನ್ನು 61ರಿಂದ 52ರ ಹತ್ತಿರಕ್ಕೆ ತರುತ್ತದೆ. ಹಾಗಾಗಿ ನಾಜಲ್ ಬುಡದಲ್ಲಿ ಬಿರುಕು ಬಂದಿದ್ದರೆ ಮಾಡೆಲ್ ತೆರೆದು ಮೊದಲು ಇದನ್ನೇ ನೋಡಿ. ಬೆಂಡ್ ತುದಿಯ ಫ್ಲ್ಯಾಂಜ್ ಗುರುತಿಸಿದ್ದಾರಾ? ಪ್ರೆಶರ್‌ನಿಂದ ಗಟ್ಟಿಯಾಗುವುದನ್ನು ಸೇರಿಸಿದ್ದಾರಾ? ಸೈಟ್‌ನಲ್ಲಿ ಇರುವುದು ನಯವಾದ ಬೆಂಡಾ, ಪ್ಲೇಟ್ ಕತ್ತರಿಸಿ ಜೋಡಿಸಿದ ಮೈಟರ್ ಬೆಂಡಾ? ಈ ಗಾತ್ರದಲ್ಲಿ ಬಹುತೇಕ ಮೈಟರ್ ಬೆಂಡೇ ಇರುತ್ತದೆ. ಮಾಡೆಲ್‌ನಲ್ಲಿ ಮಾತ್ರ ನಯವಾದ ಬೆಂಡ್ ಕೂತಿರುತ್ತದೆ.

ಪ್ಯಾಡ್ ಇಲ್ಲದೆ ನೇರವಾಗಿ ವೆಲ್ಡ್ ಮಾಡಿದ ಸಮ ಗಾತ್ರದ ಟೀಗೆ ಈ ಪೈಪಿನಲ್ಲಿ ಎಸ್‌ಐಎಫ್ ಸುಮಾರು 21. 8 ಮಿ.ಮೀ. ಪ್ಯಾಡ್ ಹಾಕಿದರೆ 10.6. ಪ್ಯಾಡ್ ಒಂದರಿಂದಲೇ ಅರ್ಧ ಇಳಿಯುತ್ತದೆ. ಆದರೂ ಅನುಪಾತ 225 ಇರುವಾಗ ಈ ಸಂಖ್ಯೆಗಳು ದಿಕ್ಕು ತೋರಿಸುವುದಕ್ಕೆ ಮಾತ್ರ. ಅವುಗಳ ಮೇಲೆ ಸಹಿ ಹಾಕಬಾರದು.

ಬೆಲ್ಲೋಸ್ ಇದ್ದರೆ ಆಂಕರ್ ನೋಡಿ

ಬೆಲ್ಲೋಸ್ (ಪೈಪ್ ಹಿಗ್ಗಲು ಜಾಗ ಕೊಡುವ, ಮಡಿಕೆಗಳಿರುವ ತುಂಡು) ಹಾಕಿದ ಕೂಡಲೇ ಹಿಗ್ಗುವಿಕೆಯ ಚಿಂತೆ ಮುಗಿಯಿತು ಎನ್ನುವುದು ತಪ್ಪು. ಬೆಲ್ಲೋಸ್ ಇದ್ದಲ್ಲಿ ಪೈಪ್ ತುಂಡಾದಂತೆ. ಒಳಗಿನ ಪ್ರೆಶರ್ ಎರಡು ತುದಿಗಳನ್ನೂ ದೂರ ತಳ್ಳುತ್ತದೆ. ಬೆಲ್ಲೋಸ್‌ನ ಸರಾಸರಿ ವ್ಯಾಸ 1860 ಮಿ.ಮೀ. ಎನ್ನಿ. 0.7 ಕೆಜಿ ಪ್ರೆಶರ್‌ಗೆ ತಳ್ಳುವ ಬಲ 19 ಟನ್. ಪ್ರೆಶರ್ ಕಡಿಮೆ ಎಂದು ಯಾರೂ ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ವ್ಯಾಸ ದೊಡ್ಡದು ಎಂಬುದನ್ನು ಮರೆಯುತ್ತಾರೆ. ಬೆಲ್ಲೋಸ್‌ನ ಎರಡು ತುದಿಗಳನ್ನು ಹಿಡಿದಿಡುವ ಟೈ ರಾಡ್ ಇಲ್ಲದಿದ್ದರೆ ಈ 19 ಟನ್ನನ್ನು ಆಂಕರ್ (ಪೈಪನ್ನು ಅಲುಗದಂತೆ ಕಟ್ಟಿಹಾಕಿದ ಆಸರೆ) ತಡೆಯಬೇಕು. ಆಂಕರ್ ಬುಡದಲ್ಲಿ ಕಾಂಕ್ರೀಟ್ ಬಿರುಕು, ಬಾಗಿದ ಬೋಲ್ಟ್, ಸೊಟ್ಟಗಾದ ಬೆಲ್ಲೋಸ್ ಮಡಿಕೆ ಕಂಡರೆ ಇಲ್ಲಿಂದ ಶುರು ಮಾಡಿ. ಸಾಗಿಸುವಾಗ ಹಾಕಿದ ರಾಡ್ ಹಾಗೇ ಉಳಿದಿದೆಯಾ, ಇಲ್ಲವೇ ಇರಬೇಕಾದ ಟೈ ರಾಡನ್ನೇ ಸಾಗಾಟದ ರಾಡ್ ಎಂದು ಬಿಚ್ಚಿ ಎಸೆದಿದ್ದಾರಾ? ಎರಡನ್ನೂ ನೋಡಿದ್ದೇನೆ.

1974ರ ಜೂನ್ 1ರಂದು ಇಂಗ್ಲೆಂಡಿನ ಫ್ಲಿಕ್ಸ್‌ಬರೋದಲ್ಲಿ ರಾಸಾಯನಿಕ ಕಾರ್ಖಾನೆ ಸ್ಫೋಟಗೊಂಡು 28 ಜನ ಸತ್ತರು. ಒಂದು ರಿಯಾಕ್ಟರ್ ತೆಗೆದ ಜಾಗದಲ್ಲಿ 20 ಇಂಚಿನ ತಾತ್ಕಾಲಿಕ ಪೈಪನ್ನು ಎರಡು ಬೆಲ್ಲೋಸ್ ನಡುವೆ ಜೋಡಿಸಿದ್ದರು. ಎರಡು ತುದಿಗಳ ಎತ್ತರ ಬೇರೆ ಇದ್ದದ್ದರಿಂದ ಪೈಪ್ ಸೊಟ್ಟಗಿತ್ತು. ವರ್ಕ್‌ಶಾಪ್ ನೆಲದ ಮೇಲೆ ಚಾಕ್‌ನಿಂದ ಬರೆದದ್ದೇ ಅದರ ಡ್ರಾಯಿಂಗ್. ಕೆಲಸದ ಪ್ರೆಶರ್‌ನಲ್ಲಿ ಸುಮಾರು 38 ಟನ್ ತಳ್ಳುವ ಬಲ ಅದನ್ನು ತಿರುಚುತ್ತದೆ ಎಂದು ಯಾರೂ ಲೆಕ್ಕ ಹಾಕಿರಲಿಲ್ಲ. ಬೆಲ್ಲೋಸ್ ಇರುವ ಲೈನ್‌ನಲ್ಲಿ ತಾತ್ಕಾಲಿಕ ತುಂಡು ಹಾಕುತ್ತೇವೆ ಎಂದು ಯಾರಾದರೂ ಕೇಳಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಒಂದು ಗುಣಾಕಾರ ಮಾಡದೆ ಒಪ್ಪಿಗೆ ಕೊಡುವುದಿಲ್ಲ.

ವ್ಯಾಕ್ಯೂಮ್ ಲೈನ್

ಕೊನೆಯ ಬಾಡಿಯಿಂದ ಕಂಡೆನ್ಸರ್‌ಗೆ ಹೋಗುವ ಲೈನ್‌ನಲ್ಲಿ ಹೊರಗಿನ ಗಾಳಿಯೇ ಪೈಪನ್ನು ಅಮುಕುತ್ತದೆ. ರಿಂಗ್ ಇಲ್ಲದ ಉದ್ದನೆಯ 1800 ಬೈ 8 ಪೈಪ್, ಪೂರ್ತಿ ಗುಂಡಗಿದ್ದರೂ, ಸುಮಾರು 39 ಕಿಲೋಪಾಸ್ಕಲ್‌ಗೆ ಚಪ್ಪಟೆಯಾಗುತ್ತದೆ. 650 ಮಿ.ಮೀ. ಪಾದರಸದ ವ್ಯಾಕ್ಯೂಮ್ ಎಂದರೆ 87 ಕಿಲೋಪಾಸ್ಕಲ್. 3 ಮೀಟರಿಗೊಂದು ಗಟ್ಟಿ ರಿಂಗ್ ಹಾಕಿದರೆ ತಡೆಯುವ ಶಕ್ತಿ 400 ದಾಟುತ್ತದೆ. ಮೂರರ ಸುರಕ್ಷತಾ ಅಂಶ ಹಿಡಿದರೂ ಸಾಕು. ಇಲ್ಲಿ ಕಾಣುವ ಸಾಮಾನ್ಯ ದೋಷ ಒಂದೇ. ಇನ್ಸುಲೇಶನ್‌ಗೆ ಅಡ್ಡಿ ಎಂದು ರಿಂಗ್ ಕತ್ತರಿಸಿರುತ್ತಾರೆ, ಇಲ್ಲವೇ ಹೊಸ ತುಂಡು ಹಾಕುವಾಗ ರಿಂಗ್ ಮರೆತಿರುತ್ತಾರೆ. ಹೊದಿಕೆಯ ಮೇಲಿಂದ ಎಣಿಸಲು ಆಗದಿದ್ದರೆ ಬಿಚ್ಚಿಸಿ ಎಣಿಸಿ.

ಶೆಲ್ ಮಾಡೆಲ್ ಯಾವಾಗ?

ಕೈ ಲೆಕ್ಕ ಕಾರಣವನ್ನು ತೋರಿಸುತ್ತದೆ. ರಿಪೇರಿ ಡಿಸೈನ್‌ಗೆ ಅದು ಸಾಲದು. ನಾನು ಎರಡು ಹೆಜ್ಜೆ ಇಡುತ್ತೇನೆ. ತೊಲೆ ಮಾಡೆಲ್ ಬಿಡುವುದಿಲ್ಲ. ಪೂರ್ತಿ ಲೈನ್ ಎಷ್ಟು ಹಿಗ್ಗುತ್ತದೆ, ಯಾವ ಸಪೋರ್ಟ್ ಮೇಲೆ ಎಷ್ಟು ಭಾರ ಎಂಬುದನ್ನು ಅದು ಚೆನ್ನಾಗಿ ಹೇಳುತ್ತದೆ. ಆದರೆ ಅದಕ್ಕೆ ಸೈಟ್‌ನಲ್ಲಿ ಅಳೆದ ಮಟ್ಟ, ಸಂದು, ನಿಂತ ನೀರು, ನೆತ್ತಿ ಮತ್ತು ಅಡಿಯ ಉಷ್ಣತೆ ಎಲ್ಲವನ್ನೂ ಕೊಡಬೇಕು. ಅಲ್ಲಿಂದ ಬಂದ ಭಾರವನ್ನು ತೆಗೆದುಕೊಂಡು ಸ್ಯಾಡಲ್, ಟೀ, ನಾಜಲ್ ಭಾಗಗಳಿಗೆ ಮಾತ್ರ ಶೆಲ್ ಎಲಿಮೆಂಟ್ ಮಾಡೆಲ್, ಅಂದರೆ ಪೈಪಿನ ಗೋಡೆಯನ್ನೇ ಸಣ್ಣ ತುಂಡುಗಳಾಗಿ ನೋಡುವ ಕಂಪ್ಯೂಟರ್ ಲೆಕ್ಕ, ಮಾಡುತ್ತೇನೆ. ನಾಜಲ್‌ಗೆ ಡಬ್ಲ್ಯುಆರ್‌ಸಿ ಬುಲೆಟಿನ್ 537 ಅಥವಾ 297ರ ಲೆಕ್ಕ ಬಳಸಬಹುದು. ಆದರೆ ನಾಜಲ್ ವ್ಯಾಸ ಬಾಡಿಯ ಅರ್ಧಕ್ಕಿಂತ ಹೆಚ್ಚಿದ್ದರೆ ಅವನ್ನು ಎಳೆದಾಡಬೇಡಿ.

ಮೆಶ್ (ಆ ತುಂಡುಗಳ ಜಾಲ) ಎಷ್ಟು ಸಣ್ಣದಿರಬೇಕು ಎಂಬುದಕ್ಕೆ ತ್ರಿಜ್ಯ ಮತ್ತು ದಪ್ಪದ ಗುಣಲಬ್ಧದ ವರ್ಗಮೂಲ ತೆಗೆಯಿರಿ. ಇಲ್ಲಿ 85 ಮಿ.ಮೀ. ಕೊಂಬಿನ ಬಳಿ ಹುಟ್ಟಿದ ಬಾಗುವ ಸ್ಟ್ರೆಸ್ ಪೈಪಿನ ಉದ್ದಕ್ಕೆ ಸುಮಾರು ಇದರ ಎರಡೂವರೆ ಪಟ್ಟು ದೂರದಲ್ಲಿ ಅಡಗುತ್ತದೆ. ಅಂದರೆ 200 ಮಿ.ಮೀ. ಚಿಲ್ಲರೆ. ಹಾಗಾಗಿ ಕೊಂಬಿನ ಸುತ್ತ ಎಲಿಮೆಂಟ್ 20 ಮಿ.ಮೀ. ಇದ್ದರೆ ಚೆನ್ನ. 100 ಮಿ.ಮೀ. ಎಲಿಮೆಂಟ್ ಹಾಕಿದರೆ ಹುಡುಕುತ್ತಿರುವುದೇ ಮಾಯ. ಬಂದ ಸ್ಟ್ರೆಸ್ಸನ್ನು ಮೆಂಬ್ರೇನ್ (ಗೋಡೆ ದಪ್ಪದ ಸರಾಸರಿ) ಮತ್ತು ಬಾಗುವ ಭಾಗ ಎಂದು ಬೇರ್ಪಡಿಸಿ ಎಎಸ್‌ಎಂಇ ಪ್ರೆಶರ್ ವೆಸೆಲ್ ಕೋಡ್‌ನ ಸೆಕ್ಷನ್ 8 ಡಿವಿಷನ್ 2ರ ಮಿತಿಗಳಿಗೆ ಹೋಲಿಸಿ. ಕೆಂಪು ಬಣ್ಣದ ಒಂದು ಚುಕ್ಕೆ ನೋಡಿ ಹೆದರುವುದೂ ತಪ್ಪು, ಸರಾಸರಿ ನೋಡಿ ಸಮಾಧಾನ ಪಡುವುದೂ ತಪ್ಪು.

ನಾವು ಮಾಡಿದ ರಿಪೇರಿ

ಮೊದಲು ಡ್ರೈನ್. ಅಡಿಯಲ್ಲಿ 150 ಮಿ.ಮೀ.ಯ ಪಾಟ್ ಇಟ್ಟು 50 ಮಿ.ಮೀ. ಡ್ರೈನ್ ಕೊಟ್ಟೆವು, ಸ್ಟಾರ್ಟಪ್‌ನಲ್ಲಿ ಬಿಚ್ಚಿಡಲು ಬೈಪಾಸ್ ಸಮೇತ. ಛಾವಣಿಯ ನೀರನ್ನು ಪೆಡೆಸ್ಟಲ್‌ನಿಂದ ದೂರ ತಿರುಗಿಸಿದೆವು. 4ನೇ ಪೆಡೆಸ್ಟಲ್ ಮೇಲೆ ಶಿಮ್ (ತೆಳು ತಗಡು) ಕೊಟ್ಟು ಮಟ್ಟ ತಂದೆವು. ಪ್ರತಿ ತಿಂಗಳು ಶಿಮ್ ಬದಲಿಸಲು ಆಗುವಂತೆ ಬಿಟ್ಟೆವು, ಎರೆಮಣ್ಣನ್ನು ಒಂದೇ ಸಲಕ್ಕೆ ಗೆಲ್ಲಲು ಆಗದು.

ವೆಲ್ಡಿಂಗ್ ಬಂದದ್ದು ಇದೆಲ್ಲ ಆದ ಮೇಲೆ. ಹಳೆಯ ತೇಪೆ ಕಿತ್ತೆವು. ಬಿರುಕಿನ ತುದಿ ಸಿಗುವವರೆಗೆ ಗೌಜಿಂಗ್ ಮಾಡಿ (ಕೆತ್ತಿ ತೆಗೆದು), ಬಣ್ಣದ ದ್ರವ ಹಚ್ಚಿ ಬಿರುಕು ನೋಡುವ ಡಿಪಿ ಟೆಸ್ಟ್‌ನಲ್ಲಿ ಗೆರೆ ಕಾಣದಾದ ಮೇಲೆ ವೆಲ್ಡ್ ತುಂಬಿದೆವು. ಸ್ಯಾಡಲ್ ಮತ್ತು ಪೈಪ್ ನಡುವೆ 8 ಮಿ.ಮೀ. ಪ್ಯಾಡ್ ಪ್ಲೇಟ್ ಕೊಟ್ಟೆವು. ಮೂಲೆಗಳನ್ನು ದುಂಡಗೆ ಕತ್ತರಿಸಿದ್ದು, ಒಂದು ವೀಪ್ ಹೋಲ್ (ಸಣ್ಣ ತೂತು) ಇದ್ದದ್ದು. ಪ್ಯಾಡ್ ಕೊಂಬಿನಿಂದ 90 ಮಿ.ಮೀ. ಮೇಲಕ್ಕೆ ಚಾಚಿತ್ತು. ತ್ರಿಜ್ಯದ ಹತ್ತನೇ ಒಂದು ಭಾಗ ಚಾಚಬೇಕು ಎಂಬುದು 1951ರಲ್ಲಿ ಜಿಕ್ ಅವರು ಸ್ಯಾಡಲ್ ಮೇಲಿನ ವೆಸೆಲ್‌ಗಳಿಗೆ ಕೊಟ್ಟ ಲೆಕ್ಕದಿಂದ ಬಂದದ್ದು. ಇಷ್ಟಕ್ಕೆ ಕೊಂಬಿನ ಬಳಿ ಬಾಗುವ ಸ್ಟ್ರೆಸ್ ಸುಮಾರು ಅರ್ಧ ಆಗುತ್ತದೆ. ಪ್ಯಾಡ್‌ನ ಮೇಲಂಚಿನಲ್ಲಿ ಮತ್ತೊಮ್ಮೆ ಲೆಕ್ಕ ಹಾಕಿ ನೋಡಿದೆವು. ಅಲ್ಲಿ ಪೈಪ್ ಒಂಟಿ 8 ಮಿ.ಮೀ.

ಮರು ಹಂಗಾಮಿನ ಫೆಬ್ರವರಿಯಲ್ಲಿ ಮತ್ತೆ ಹೋದೆ. ಆ ಹೊತ್ತಿಗೆ 4ನೇ ಪೆಡೆಸ್ಟಲ್ ಕೆಳಗೆ ಎರಡು ಸಲ ಶಿಮ್ ಸೇರಿಸಿದ್ದರು, ಒಟ್ಟು 3 ಮಿ.ಮೀ. ಸ್ಟಾರ್ಟಪ್ ಹೊತ್ತಿನಲ್ಲಿ ಡ್ರೈನ್ ಬೈಪಾಸ್ ತೆರೆದಿತ್ತು. ಫಿಟ್ಟರ್ 0.5ರ ಫೀಲರ್ ಗೇಜ್ ಹಿಡಿದು 3, 4, 5 ಮೂರನ್ನೂ ನೋಡಿದರು. ಎಲ್ಲೂ ತೂರಲಿಲ್ಲ. ಕೊಂಬುಗಳಿಗೆ ಡಿಪಿ ಹಾಕಿದೆವು, ಗೆರೆ ಇರಲಿಲ್ಲ. ಪೆಡೆಸ್ಟಲ್ ಮೇಲೆ ಪೇಂಟ್‌ನಲ್ಲಿ ಮಟ್ಟದ ಗುರುತು ಮತ್ತು ತಾರೀಖು ಬರೆದು ಬಂದೆವು.